ರಾಯಚೂರು ಜಿಲ್ಲೆಯಲ್ಲಿ ಜನಸಹಭಾಗಿತ್ವದ ಅರಣ್ಯೀಕರಣ

ಜನಸಹಭಾಗಿತ್ವದ ಅರಣ್ಯೀಕರಣವೆಂದರೆ ಗಿಡಗಳನ್ನು ನೆಡುವುದು, ನೆಟ್ಟ ಗಿಡ ಮರವಾಗುವವರೆಗೆ ಕಾಯುವುದು ಹಾಗೂ ಈಗಾಗಲೇ ಇರುವ ಕಾಡನ್ನು ಉಳಿಸಿಕೊಳ್ಳುವುದು ಎಂಬ ಮೂರು ಕೆಲಸಗಳಲ್ಲಿ ಅರಣ್ಯ ಇಲಾಖೆಯೊಂದಿಗೆ ಊರಿನ ಜನರೂ ಹೊಣೆಗಾರರಾಗಿ ನಿಲ್ಲುವ ವ್ಯವಸ್ಥೆ. ಹೊಣೆಯಷ್ಟೇ ಅಲ್ಲದೆ, ಅದರಿಂದ ದೊರೆಯುವ ಹುಲ್ಲು, ಸೌದೆ, ಹಣ್ಣು, ಮರಮುಟ್ಟುಗಳಲ್ಲಿ ಅವರಿಗೆ ಪಾಲೂ ಇರಬೇಕೆಂಬುದು ಇದರ ತಿರುಳು. ಕರ್ನಾಟಕದಲ್ಲಿ ಈ ವಿಷಯದ ಚರ್ಚೆ ಸಾಮಾನ್ಯವಾಗಿ ಮಲೆನಾಡಿನ ಸುತ್ತಲೇ ನಡೆಯುತ್ತದೆ. ಆದರೆ ಮಲೆನಾಡಿನಲ್ಲಿ ಮನುಷ್ಯ ಸುಮ್ಮನಿದ್ದರೂ ಕಾಡು ಚಿಗುರುತ್ತದೆ; ಬಯಲುಸೀಮೆಯಲ್ಲಿ ಯಾರಾದರೂ ಕಾಯದಿದ್ದರೆ ಗಿಡ ಉಳಿಯುವುದಿಲ್ಲ. ಆದ್ದರಿಂದ ಜನರ ಪಾತ್ರ ಹೆಚ್ಚು ನಿರ್ಣಾಯಕವಾಗಿರುವುದು ಇಲ್ಲಿಯೇ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಲೇಖನವು ಆ ಪಾತ್ರವನ್ನು ವಿವರಿಸುತ್ತದೆ.

ಭೌಗೋಳಿಕ ಹಿನ್ನೆಲೆ

ರಾಯಚೂರು ಜಿಲ್ಲೆಯು ಉತ್ತರದಲ್ಲಿ ಕೃಷ್ಣಾ, ದಕ್ಷಿಣದಲ್ಲಿ ತುಂಗಭದ್ರಾ ನದಿಗಳ ನಡುವೆ ಹರಡಿರುವ ದೋಆಬ್ ಪ್ರದೇಶ. ವಿಸ್ತೀರ್ಣ ಸುಮಾರು 8,400 ಚದರ ಕಿಲೋಮೀಟರ್. ಎರಡು ಮಹಾನದಿಗಳ ನಡುವಿದ್ದರೂ ಇದು ಮಳೆಯ ನೆರಳಿನ ನಾಡು. ವಾರ್ಷಿಕ ಸರಾಸರಿ ಮಳೆ 600ರಿಂದ 700 ಮಿಲಿಮೀಟರುಗಳ ಆಸುಪಾಸಿನಲ್ಲಿದ್ದು, ಅದರಲ್ಲಿ ದೊಡ್ಡ ಪಾಲು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ.

ಮಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆ: ಎರೆ ಮತ್ತು ಮಸಾರಿ. ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಆದರೆ ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಳೆಯ ಗಿಡದ ಬೇರು ಹರಿದುಹೋಗುತ್ತದೆ. ಮಸಾರಿಯಲ್ಲಿ ಬೇರು ಸಲೀಸಾಗಿ ಇಳಿಯುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಇವುಗಳ ನಡುನಡುವೆ ಬಂಡೆಗಲ್ಲಿನ ಗುಡ್ಡಗಳು ಎದ್ದು ನಿಂತಿವೆ. ಜಿಲ್ಲೆಯಲ್ಲಿ ಕಾಯ್ದಿಟ್ಟ ಅರಣ್ಯವೆಂದು ದಾಖಲಾಗಿರುವ ನೆಲದ ಬಹುಭಾಗ ಇಂಥ ಗುಡ್ಡಗಳೇ ಆಗಿದ್ದು, ಅವುಗಳ ಮೇಲಿರುವುದು ಕುರುಚಲು ಮತ್ತು ಮುಳ್ಳುಕಂಟಿ. ರಾಜ್ಯದ ಒಟ್ಟು ನೆಲದಲ್ಲಿ ಸುಮಾರು ಐದನೆಯ ಒಂದು ಭಾಗ ಅರಣ್ಯವಿದ್ದರೂ, ರಾಯಚೂರು ಹಾಗೂ ವಿಜಯಪುರ ಜಿಲ್ಲೆಗಳು ಅತ್ಯಂತ ಕಡಿಮೆ ಅರಣ್ಯ ಹೊದಿಕೆಯ ಜಿಲ್ಲೆಗಳ ಸಾಲಿನಲ್ಲಿ ಸೇರುತ್ತವೆ. ನೆಲದ ಮೂರನೆಯ ಒಂದು ಭಾಗ ಅರಣ್ಯ ಅಥವಾ ಮರಗಳಿಂದ ಕೂಡಿರಬೇಕೆಂಬ ರಾಷ್ಟ್ರೀಯ ಅರಣ್ಯ ನೀತಿಯ ಗುರಿಯನ್ನು ಇಲ್ಲಿ ಕೇವಲ ಅರಣ್ಯ ಇಲಾಖೆಯ ನೆಲದಿಂದ ಸಾಧಿಸುವುದು ಲೆಕ್ಕದ ದೃಷ್ಟಿಯಿಂದಲೇ ಅಸಾಧ್ಯ. ಹೊಲದ ಬದು, ರಸ್ತೆಯ ಅಂಚು, ಕಾಲುವೆಯ ದಂಡೆ, ಗೋಮಾಳ, ಗುಡಿ, ದರ್ಗಾ, ಮಠಗಳ ಆವರಣ, ಶಾಲೆಯ ಅಂಗಳ - ಇವೇ ಇಲ್ಲಿನ ಕಾಡಿನ ನೆಲ. ಇವೆಲ್ಲವೂ ಜನರ ಕೈಯಲ್ಲಿರುವಂಥವು.

ಹಿಂದಿನ ಪದ್ಧತಿಗಳು

ಈ ಭಾಗದಲ್ಲಿ ಮರ ನೆಡುವ ಸಂಪ್ರದಾಯದ ಮಾತು ಬಂದಾಗಲೆಲ್ಲ ಮಸ್ಕಿಯ ಅಶೋಕನ ಶಾಸನವನ್ನು ನೆನೆಯುವುದುಂಟು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಪತ್ತೆಹಚ್ಚಿದ ಈ ಶಾಸನದ ಮಹತ್ವವಿರುವುದು ಅದರಲ್ಲಿ ಅಶೋಕನ ಹೆಸರೇ ಬಂದಿರುವುದರಲ್ಲಿ. ದಾರಿಯ ಬದಿಗಳಲ್ಲಿ ಮರಗಳನ್ನು ನೆಡಿಸಿದ ಉಲ್ಲೇಖವಿರುವುದು ಅವನ ಎರಡನೆಯ ಬಂಡೆಗಲ್ಲು ಶಾಸನ ಹಾಗೂ ಏಳನೆಯ ಸ್ತಂಭ ಶಾಸನಗಳಲ್ಲಿಯೇ ಹೊರತು ಮಸ್ಕಿಯಲ್ಲಲ್ಲ. ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಇವೆರಡನ್ನೂ ಬೆರೆಸಿ ಬರೆಯುವುದು ಸಾಮಾನ್ಯವಾದ್ದರಿಂದ ಇದನ್ನು ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ.

ಶಾಸನಗಳಿಗಿಂತ ಗಟ್ಟಿಯಾದ ಸಾಕ್ಷಿ ಊರುಗಳಲ್ಲಿಯೇ ಉಳಿದಿದೆ. ಊರ ಅಗಸಿಯ ಬಳಿ ಬೇವು ಅಥವಾ ಅರಳಿಗೆ ಕಟ್ಟೆ ಕಟ್ಟುವುದು, ಬಾವಿಯ ಪಕ್ಕ ಅತ್ತಿ ಅಥವಾ ಬಸರಿಯನ್ನು ಬಿಡುವುದು, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಬೇವು, ಜಾಲಿಗಳನ್ನು ಕೀಳದೆ ಉಳಿಸುವುದು ಇಲ್ಲಿನ ರೂಢಿ. ಇವುಗಳಲ್ಲಿ ಬನ್ನಿಯ ಕಥೆ ವಿಶೇಷವಾದುದು. ದಸರೆಯಲ್ಲಿ ಬನ್ನಿ ಮುಡಿದು, ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಹಾರೈಸುವ ಊರುಗಳಲ್ಲಿ ಒಂದಾದರೂ ಬನ್ನಿ ಮರವನ್ನು ಕಡಿಯದೆ ಬಿಟ್ಟಿರುತ್ತಾರೆ. ರಾಜಸ್ಥಾನದಲ್ಲಿ ಖೇಜಡಿ ಎಂದು ಕರೆಯಲಾಗುವ ಮರವೂ ಇದೇ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಅರಮನೆಯ ಕೆಲಸಕ್ಕಾಗಿ ಕಡಿಯಲು ಬಂದಾಗ, ಅಮೃತಾದೇವಿಯ ಮುಂದಾಳತ್ವದಲ್ಲಿ 363 ಮಂದಿ ಬಿಷ್ಣೋಯಿಗಳು ಮರಗಳನ್ನಪ್ಪಿಕೊಂಡು ಪ್ರಾಣ ಕೊಟ್ಟರೆಂಬುದು ಪ್ರಸಿದ್ಧ. ಬನ್ನಿಯ ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಅದು ಪಕ್ಕದ ಬೆಳೆಯೊಂದಿಗೆ ನೀರಿಗಾಗಿ ಹೆಚ್ಚು ಪೈಪೋಟಿ ನಡೆಸುವುದಿಲ್ಲ. ಸೊಪ್ಪು ಮತ್ತು ಕಾಯಿ ಆಡು-ಕುರಿಗಳಿಗೆ ಮೇವಾಗುತ್ತವೆ. ಹೊಲದ ನಡುವೆ ಬಿಡಬಹುದಾದ ಮರಗಳಲ್ಲಿ ಇದಕ್ಕೆ ಸಮನಾದುದು ಕಡಿಮೆ. ಆದರೂ ಸಸ್ಯಕ್ಷೇತ್ರಗಳಲ್ಲಿ ಬನ್ನಿಯ ಸಸಿ ದೊರೆಯುವುದು ಅಪರೂಪ. ಪೂಜೆಗೆ ಒಂದು ಮರ ಸಾಕೆಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು.

ಕಾನೂನು ಮತ್ತು ನೀತಿಗಳು

1948ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಅರಣ್ಯ ಕಾಯ್ದೆಯ ಆಡಳಿತದಲ್ಲಿದ್ದ ಈ ನೆಲವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಕಾನೂನುಗಳನ್ನು ಒಂದುಗೂಡಿಸಿದ್ದು 1963ರ ಅರಣ್ಯ ಕಾಯ್ದೆ.

ಗಿಡ ನೆಡುವುದನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸುವ ವನಮಹೋತ್ಸವವನ್ನು 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದರು. 1976ರಲ್ಲಿ ನಡೆದ ಸಂವಿಧಾನದ 42ನೆಯ ತಿದ್ದುಪಡಿಯು ಎರಡು ಮಾತುಗಳನ್ನು ಸೇರಿಸಿತು: 48-ಎ ವಿಧಿಯಂತೆ ಕಾಡು ಮತ್ತು ವನ್ಯಜೀವಿಗಳ ರಕ್ಷಣೆ ರಾಜ್ಯದ ಹೊಣೆ, 51-ಎ (ಜಿ) ಪ್ರಕಾರ ಅದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಅದೇ ವರ್ಷ ಕರ್ನಾಟಕದಲ್ಲಿ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಅನುಮತಿಯನ್ನು ಕಡ್ಡಾಯಗೊಳಿಸಿತು. 1992ರ 73ನೆಯ ತಿದ್ದುಪಡಿಯ ಮೂಲಕ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಸಾಮಾಜಿಕ ಅರಣ್ಯ, ಕಿರು ಅರಣ್ಯ ಉತ್ಪನ್ನ, ಸೌದೆ ಮತ್ತು ಮೇವು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಾಗಿ ಸೇರಿವೆ.

ಇವೆಲ್ಲದರ ನಡುವೆ ದಿಕ್ಕನ್ನೇ ಬದಲಿಸಿದ್ದು 1988ರ ರಾಷ್ಟ್ರೀಯ ಅರಣ್ಯ ನೀತಿ. ಅದುವರೆಗೆ ಕಾಡನ್ನು ಮುಖ್ಯವಾಗಿ ಆದಾಯದ ಮೂಲವೆಂದು ಕಾಣುತ್ತಿದ್ದ ಸರ್ಕಾರವು, ಪರಿಸರದ ಸಮತೋಲನ ಮತ್ತು ಕಾಡಿನಂಚಿನ ಜನರ ಅಗತ್ಯಗಳೇ ಮೊದಲು, ಆದಾಯ ಆಮೇಲೆ ಎಂದು ಒಪ್ಪಿಕೊಂಡಿತು. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1970ರ ದಶಕದ ಮೊದಲಲ್ಲಿ ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿಯವರು ಹಳ್ಳಿಗರಿಗೆ ಆದಾಯದಲ್ಲಿ ಪಾಲು ಕೊಟ್ಟು, ಕಡಿದು ಬೋಳಾಗಿದ್ದ ಸಾಲ್ ಕಾಡನ್ನು ಚಿಗುರಿಸಿದ ಅನುಭವ ಈ ಬದಲಾವಣೆಯ ಹಿಂದಿತ್ತು. 1990ರ ಜೂನ್ 1ರಂದು ಕೇಂದ್ರ ಸರ್ಕಾರವು ಎಲ್ಲ ರಾಜ್ಯಗಳಿಗೂ ಇದೇ ಮಾದರಿಯ ಸೂಚನೆ ಕಳುಹಿಸಿತು.

ಕರ್ನಾಟಕದ ಆಂದೋಲನಗಳಿಂದ ಬಂದ ಪಾಠ

ಸರ್ಕಾರದ ಮನಸ್ಸು ತಾನಾಗಿಯೇ ಬದಲಾದುದಲ್ಲ. 1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಅಪ್ಪಿಕೋ ಚಳವಳಿಯು ಉತ್ತರಾಖಂಡದ ಚಿಪ್ಕೋದಿಂದ ಸ್ಫೂರ್ತಿ ಪಡೆದಿತ್ತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಪದಗಳು ಅದರ ಘೋಷಣೆಯಾದವು.

ಬಯಲುನಾಡಿಗೆ ಹೆಚ್ಚು ಹತ್ತಿರವಾದುದು ಇನ್ನೊಂದು ಹೋರಾಟ. 1983-84ರಿಂದ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೆಟ್ಟ ಗಿಡಗಳಲ್ಲಿ ನೀಲಗಿರಿಯದೇ ಮೇಲುಗೈ. ಹೆಸರಿನಲ್ಲಿ ಸಮಾಜವಿದ್ದರೂ ಲಾಭ ಕಾಗದ ಮತ್ತು ನೂಲಿನ ಕಾರ್ಖಾನೆಗಳಿಗೆಂದು ರೈತರು ದೂರಿದರು. ತುಮಕೂರು ಜಿಲ್ಲೆಯಲ್ಲಿ 1983ರಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತುಹಾಕಿದರು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದಾಗ, ಊರಿನ ದನಕರು ಮೇಯುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲ ಅದರ ಪಾಲಾಗುವುದರಲ್ಲಿತ್ತು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮೊದಲಾದ ಸಂಘಟನೆಗಳ ಮುಂದಾಳತ್ವದಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಜನರಿಗೆ ಬೇಕಾದ ಗಿಡಗಳನ್ನು ಹಚ್ಚಲಾಯಿತು. ಉತ್ತರ ಕರ್ನಾಟಕದ ಮಾತಿನಲ್ಲಿ ಗಿಡ ನೆಡುವುದಕ್ಕೆ ಹಚ್ಚುವುದು ಎನ್ನುತ್ತಾರೆ. 1991ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರವೇ ನಿಷೇಧಿಸುವ ವೇಳೆಗೆ 2017 ಬಂದಿತ್ತು.

ಕುಸನೂರಿನ ಪ್ರಶ್ನೆ ಗಿಡ ನೆಡಬೇಕೇ ಬೇಡವೇ ಎಂಬುದಾಗಿರಲಿಲ್ಲ. ಯಾವ ಗಿಡ, ಯಾರ ನೆಲದಲ್ಲಿ, ಯಾರಿಗಾಗಿ ಎಂಬುದಾಗಿತ್ತು. ಹಸಿರಿನ ಹೆಸರಿನಲ್ಲಿ ನಡೆಯುವ ಯಾವುದೇ ಯೋಜನೆಗೂ ಈ ಮೂರು ಪ್ರಶ್ನೆಗಳನ್ನು ಕೇಳಬಹುದು.

ಗ್ರಾಮ ಅರಣ್ಯ ಸಮಿತಿಗಳು

ಕರ್ನಾಟಕ ಸರ್ಕಾರವು 1993ರ ಏಪ್ರಿಲ್ 12ರ ಆದೇಶದ ಮೂಲಕ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯನ್ನು ಜಾರಿಗೆ ತಂದಿತು. ಅದರಂತೆ ಗ್ರಾಮ ಮಟ್ಟದಲ್ಲಿ ಗ್ರಾಮ ಅರಣ್ಯ ಸಮಿತಿ ರಚನೆಯಾಗುತ್ತದೆ. ಊರಿನ ಕುಟುಂಬಗಳು ಸದಸ್ಯತ್ವ ಪಡೆಯುತ್ತವೆ; ಆಡಳಿತ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳಿಗೂ ಭೂಹೀನರಿಗೂ ಸ್ಥಾನವಿರುತ್ತದೆ. ಸಮಿತಿಯು ಇಲಾಖೆಯೊಂದಿಗೆ ಕುಳಿತು ತನ್ನ ವ್ಯಾಪ್ತಿಯ ನೆಲಕ್ಕೆ ಸೂಕ್ಷ್ಮ ಯೋಜನೆಯನ್ನು ತಯಾರಿಸುತ್ತದೆ. ಎಲ್ಲಿ ಏನು ನೆಡಬೇಕು, ಯಾವ ಭಾಗವನ್ನು ಎಷ್ಟು ವರ್ಷ ಮೇವಿಗೆ ಮುಚ್ಚಬೇಕು, ಹುಲ್ಲನ್ನು ಹೇಗೆ ಹಂಚಬೇಕು ಎಂಬುದೆಲ್ಲ ಅದರಲ್ಲಿರಬೇಕು. ಆದಾಯದಲ್ಲಿ ಒಂದು ಪಾಲು ಸರ್ಕಾರಕ್ಕೆ ಹೋದರೆ, ಉಳಿದದ್ದು ಸದಸ್ಯರಿಗೂ ಊರಿನ ಅರಣ್ಯಾಭಿವೃದ್ಧಿ ನಿಧಿಗೂ ಸೇರುತ್ತದೆ. ಮೊದಲಿಗೆ ಮರಗಳ ದಟ್ಟಣೆ ಶೇಕಡಾ 25ಕ್ಕಿಂತ ಕಡಿಮೆಯಿದ್ದ ನೆಲಕ್ಕೆ ಮಾತ್ರ ಈ ವ್ಯವಸ್ಥೆ ಅನ್ವಯಿಸುತ್ತಿತ್ತು. ಮಲೆನಾಡಿನಲ್ಲಿ ಇದು ದೊಡ್ಡ ಮಿತಿಯೆನಿಸಿತು. ರಾಯಚೂರಿನ ಬೋಳು ಗುಡ್ಡಗಳಿಗೆ ಈ ಷರತ್ತಿನಿಂದ ಯಾವ ಅಡ್ಡಿಯೂ ಇರಲಿಲ್ಲ.

1996-97ರಿಂದ ಜಪಾನಿನ ನೆರವಿನೊಂದಿಗೆ ಪೂರ್ವ ಬಯಲುಸೀಮೆಯ ಅರಣ್ಯೀಕರಣ ಯೋಜನೆ ನಡೆಯಿತು. 2005ರಿಂದ ಅದೇ ನೆರವಿನ ಮತ್ತೊಂದು ಯೋಜನೆ ಆರಂಭವಾಯಿತು. ಸಮಿತಿಗಳ ಸಂಖ್ಯೆ ಬೆಳೆದದ್ದು ಹೆಚ್ಚಾಗಿ ಈ ಯೋಜನೆಗಳ ಕಾಲದಲ್ಲಿ. ಹಣ ಬರುತ್ತಿದ್ದಾಗ ಸಭೆಗಳು ನಡೆದವು, ಯೋಜನೆ ಮುಗಿದ ಮೇಲೆ ಹಲವು ಸಮಿತಿಗಳು ಕಾಗದದ ಮೇಲಷ್ಟೇ ಉಳಿದವು ಎಂಬುದು ಈ ವ್ಯವಸ್ಥೆಯ ಬಗ್ಗೆ ಪದೇ ಪದೇ ಕೇಳಿಬರುವ ಟೀಕೆ. ಸಮಿತಿಯ ಕಾರ್ಯದರ್ಶಿಯಾಗಿ ಇಲಾಖೆಯ ಸಿಬ್ಬಂದಿಯೇ ಇರುವುದು ಎರಡನೆಯ ಟೀಕೆ. ಲೆಕ್ಕಪುಸ್ತಕ ಬಲ್ಲವರ ಕೈಯಲ್ಲಿರಲಿ ಎಂಬ ಕಾರಣಕ್ಕೆ ಮಾಡಿದ ಈ ಏರ್ಪಾಡಿನಿಂದ, ತೀರ್ಮಾನವೂ ಅವರ ಕೈಗೇ ಹೋಗುವ ಸಂಭವವಿದೆ. ಮೂರನೆಯದು, ಬಯಲುನಾಡಿನಲ್ಲಿ ಹಂಚಿಕೊಳ್ಳಲು ಸಿಗುವುದಾದರೂ ಏನು ಎಂಬ ಪ್ರಶ್ನೆ. ತೇಗವಿರುವ ಕಡೆ ಹತ್ತಾರು ವರ್ಷಗಳ ನಂತರವಾದರೂ ದೊಡ್ಡ ಮೊತ್ತ ಕೈಸೇರೀತು. ಇಲ್ಲಿ ಸಿಗುವುದು ಹುಲ್ಲು, ಸೀತಾಫಲ, ಹುಣಸೆ, ಬೇವಿನ ಬೀಜ, ಒಣ ಸೌದೆ. ಆದರೆ ಇವು ಪ್ರತಿ ವರ್ಷವೂ ಸಿಗುವಂಥವು. ಹಾಗಾಗಿ ಇಲ್ಲಿನ ಸಮಿತಿಗಳು ಮರಮುಟ್ಟಿಗಿಂತ ಹಣ್ಣು ಮತ್ತು ಮೇವಿನ ಗಿಡಗಳನ್ನು ಆರಿಸಿಕೊಳ್ಳುವುದು ಹೆಚ್ಚು ವಿವೇಕದ ಮಾರ್ಗ.

ಮೂರು ಸ್ಥಳಗಳು, ಮೂರು ಸಮಸ್ಯೆಗಳು

ದೇವದುರ್ಗವು ಕೃಷ್ಣೆಯ ದಂಡೆಯ ತಾಲ್ಲೂಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಒಂದಷ್ಟು ಹಳ್ಳಿಗಳಿಗೆ ಬಂದಿದ್ದರೂ ಉಳಿದ ಕಡೆ ಜೋಳ, ಸಜ್ಜೆ, ತೊಗರಿ, ಹತ್ತಿಯ ಮಳೆಯಾಶ್ರಿತ ಬೇಸಾಯವೇ ಆಧಾರ. ಸುಗ್ಗಿ ಮುಗಿಯುತ್ತಿದ್ದಂತೆ ಇಲ್ಲಿನ ಬಡ ಕುಟುಂಬಗಳು ಬೆಂಗಳೂರು, ಪುಣೆ ಮೊದಲಾದ ಕಡೆಗೆ ಗುಳೆ ಹೋಗುತ್ತವೆ. ಅರಣ್ಯೀಕರಣದ ದೃಷ್ಟಿಯಿಂದ ಇದು ಬಹಳ ಮುಖ್ಯವಾದ ಸಂಗತಿ, ಆದರೂ ಯೋಜನೆಗಳಲ್ಲಿ ಇದನ್ನು ಗಮನಿಸಿದ್ದು ಕಡಿಮೆ. ಜನರು ಊರಲ್ಲಿ ಇಲ್ಲದಿರುವ ತಿಂಗಳುಗಳೇ ಗಿಡಕ್ಕೆ ನೀರು ಬೇಕಾದ ತಿಂಗಳುಗಳು. ಮುಂಗಾರಿನಲ್ಲಿ ಸಸಿ ನೆಟ್ಟವರು ಫೆಬ್ರುವರಿಯಿಂದ ಮೇವರೆಗೆ ಪರಸ್ಥಳದಲ್ಲಿ ಕಟ್ಟಡದ ಕೆಲಸದಲ್ಲಿದ್ದರೆ, ಆ ಸಸಿಗೆ ಕೊಡ ನೀರು ಹಾಕುವವರು ಯಾರು? ಬೇಸಿಗೆಯ ನೀರುಣಿಸುವ ಕೆಲಸಕ್ಕೆ ಕೂಲಿ ಕೊಟ್ಟರೆ ಗಿಡವೂ ಉಳಿಯುತ್ತದೆ, ಒಂದೆರಡು ಕುಟುಂಬಗಳಾದರೂ ಊರಲ್ಲಿ ನಿಲ್ಲುತ್ತವೆ. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತರಿ ಯೋಜನೆಯು ದೇಶದ 200 ಜಿಲ್ಲೆಗಳಲ್ಲಿ ಮೊದಲಿಗೆ ಜಾರಿಯಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ರಸ್ತೆ ಬದಿ, ಬದು ಮತ್ತು ಶಾಲಾವನಗಳ ಸಸಿ ನೆಡುವಿಕೆಗೆ ಅದರಲ್ಲಿ ಅವಕಾಶವಿತ್ತು. ಗುಂಡಿ ತೋಡುವುದಕ್ಕೆ ಸಿಕ್ಕಷ್ಟು ಆದ್ಯತೆ ಕಾಯುವುದಕ್ಕೆ ಸಿಗದಿರುವುದು ಇಂಥ ಯೋಜನೆಗಳೆಲ್ಲದರ ಹಳೆಯ ದೋಷ.

ದೇವದುರ್ಗದ ಗುಡ್ಡಗಳಲ್ಲಿ ಇನ್ನೊಂದು ಪ್ರಶ್ನೆಯಿದೆ: ಕುರಿ ಮತ್ತು ಆಡು. ನೆಡುತೋಪಿಗೆ ಬೇಲಿ ಹಾಕಿ ಮೂರು ವರ್ಷ ಮುಚ್ಚಿದರೆ ಗಿಡಗಳು ಏಳುತ್ತವೆ, ನಿಜ. ಆದರೆ ಆ ಮೂರು ವರ್ಷ ಕುರಿಗಾರನು ಎಲ್ಲಿಗೆ ಹೋಗಬೇಕು? ಅವನನ್ನು ಕಾಡಿನ ಶತ್ರುವೆಂದು ಬಗೆಯುವುದು ಸುಲಭ. ಆದರೆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ರೈತನಿಗೆ ಅವನು ಬೇಕಾದವನು. ಗುಡ್ಡವನ್ನು ಭಾಗಗಳಾಗಿ ವಿಂಗಡಿಸಿ ಸರದಿಯಂತೆ ಮುಚ್ಚುವುದು ಇದಕ್ಕಿರುವ ಪರಿಹಾರ. ಅದು ನಡೆಯಬೇಕಾದರೆ ಕುರಿಗಾರರು ಸಮಿತಿಯ ಸಭೆಯಲ್ಲಿ ಕುಳಿತಿರಬೇಕು. ಅವರಿಲ್ಲದ ಸಭೆಯಲ್ಲಿ ಮಾಡಿದ ತೀರ್ಮಾನಕ್ಕೆ ಬೇಲಿಯಷ್ಟೇ ಆಯುಸ್ಸು.

ಮಾನ್ವಿಯ ಸ್ಥಿತಿ ಬೇರೆ. ದಾಸಸಾಹಿತ್ಯದಲ್ಲಿ ಜಗನ್ನಾಥದಾಸರ ಊರೆಂದು ಹೆಸರಾದ ಈ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಮೇಲೆ ನೆರಳು ಬಿದ್ದರೆ ಇಳುವರಿ ಕಡಿಮೆಯಾಗುತ್ತದೆ, ಯಂತ್ರಗಳ ಓಡಾಟಕ್ಕೆ ತೊಡಕಾಗುತ್ತದೆ ಎಂಬ ಕಾರಣಗಳಿಂದ ಬದುವಿನ ಬೇವು, ಜಾಲಿಗಳು ಒಂದೊಂದಾಗಿ ಹೋದವು. ಹೀಗೆ ನೀರಿಲ್ಲದ ದೇವದುರ್ಗದಲ್ಲಿ ಬರದಿಂದ ಮರ ಉಳಿಯದಿದ್ದರೆ, ನೀರಿರುವ ಮಾನ್ವಿಯಲ್ಲಿ ನೀರಿನಿಂದಲೇ ಮರ ಹೋಯಿತು. ನೀರು ಬಸಿಯದ ಎರೆಭೂಮಿಯಲ್ಲಿ ಸತತವಾಗಿ ಭತ್ತ ಬೆಳೆದ ಕಡೆ ನೆಲ ಸವಳಾಗುತ್ತದೆ. ಅಂಥ ನೆಲದಲ್ಲಿ ಬಾಳುವ ಹೊಂಗೆ, ಕರಿಜಾಲಿ, ಬೇವುಗಳನ್ನು ಬಸಿಗಾಲುವೆಗಳ ಬದಿಯಲ್ಲಿ ಸಾಲಾಗಿ ಬೆಳೆಸಿದರೆ ಅವು ಹೆಚ್ಚುವರಿ ನೀರನ್ನು ಹೀರಿ ಹೊರಹಾಕುತ್ತವೆ. ಸಾಲನ್ನು ಉತ್ತರ-ದಕ್ಷಿಣವಾಗಿ ನೆಟ್ಟರೆ ಗದ್ದೆಯ ಒಂದೇ ಭಾಗದ ಮೇಲೆ ದಿನವಿಡೀ ನೆರಳು ಬೀಳುವುದಿಲ್ಲ. ಹಿಂದೆ ಮಾನ್ವಿಯ ಭಾಗವಾಗಿದ್ದ ಸಿರವಾರ ಈಗ ಪ್ರತ್ಯೇಕ ತಾಲ್ಲೂಕಾಗಿದ್ದು, ಕಾಲುವೆಯ ಕೊನೆಯ ಭಾಗದ ಹಳ್ಳಿಗಳಲ್ಲಿ ನೀರು ತಲುಪದ ವರ್ಷಗಳಲ್ಲಿ ಮತ್ತೆ ಒಣಬೇಸಾಯದ ಸಮಸ್ಯೆಗಳೇ ಎದುರಾಗುತ್ತವೆ.

ರಾಯಚೂರು ನಗರದಲ್ಲಿ ಬೇಕಾದುದು ಕಾಡಿಗಿಂತ ನೆರಳು. ಬಂಡೆಗುಡ್ಡಗಳ ಮಡಿಲಲ್ಲಿರುವ ಈ ನಗರದಲ್ಲಿ ಕಲ್ಲು ಮತ್ತು ಕಾಂಕ್ರೀಟು ಹಗಲಿನ ಶಾಖವನ್ನು ರಾತ್ರಿಯವರೆಗೂ ಹಿಡಿದಿಡುತ್ತವೆ. ಬೀದಿಬದಿಯ ವ್ಯಾಪಾರಿಗಳು, ಆಟೋ ಚಾಲಕರು, ಹಮಾಲರು ಇಂಥವರಿಗೆ ಮರದ ನೆರಳು ಅಲಂಕಾರವಲ್ಲ, ದುಡಿಯುವ ಜಾಗ. ನಗರದ ಉತ್ತರಕ್ಕೆ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ, 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದ್ದು, ಹಾರುಬೂದಿ ಆ ಭಾಗದ ನಿತ್ಯದ ಮಾತು. ದಟ್ಟ ಎಲೆಗಳ ಮರಸಾಲುಗಳು ಧೂಳನ್ನು ಒಂದು ಮಟ್ಟಿಗೆ ತಡೆಯುತ್ತವೆ; ಅದು ಮೂಲದಲ್ಲಿಯೇ ಆಗಬೇಕಾದ ನಿಯಂತ್ರಣಕ್ಕೆ ಬದಲಿಯಲ್ಲ. ಮಾವಿನಕೆರೆಯಂಥ ಕೆರೆಗಳ ದಂಡೆಗಳು, ಕೋಟೆಯ ಸುತ್ತಲಿನ ಬಯಲು ಮತ್ತು ಬಡಾವಣೆಗಳ ಉದ್ಯಾನಗಳಿಗೆ ಮೀಸಲಿಟ್ಟ ನಿವೇಶನಗಳು ನಗರದಲ್ಲಿ ಮರಗಳಿಗಿರುವ ಮುಖ್ಯ ಅವಕಾಶಗಳು. ಉದ್ಯಾನದ ಜಾಗವನ್ನು ಒತ್ತುವರಿಯಿಂದ ಉಳಿಸಿಕೊಳ್ಳುವುದು ಸಸಿ ನೆಡುವುದಕ್ಕಿಂತ ಮೊದಲಿನ ಕೆಲಸ.

ನೆಡುವ ಕಾಲ ಮತ್ತು ಕ್ರಮ

ಜೂನ್ 5ರ ವಿಶ್ವ ಪರಿಸರ ದಿನದಂದು ಸಸಿ ನೆಡುವುದು ಎಲ್ಲೆಡೆ ನಡೆದುಬಂದ ವಾಡಿಕೆ. ಆದರೆ ರಾಯಚೂರಿನಲ್ಲಿ ಆ ದಿನ ಮುಂಗಾರು ನೆಲೆಯೂರಿರುವುದಿಲ್ಲ. ಒಂದು ಹದ ಮಳೆ ಬಿದ್ದು ಮತ್ತೆ ಎರಡು-ಮೂರು ವಾರ ಬಿಸಿಲು ಹೊಡೆಯುವುದು ಇಲ್ಲಿ ಸಾಮಾನ್ಯ. ಆ ದಿನ ಗುಂಡಿಗಳನ್ನು ತೋಡಿ, ಬಿಸಿಲಿಗೆ ಮಣ್ಣನ್ನು ಒಡ್ಡಿ, ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಸಸಿಗಳನ್ನು ನೆಡುವುದು ಈ ನೆಲಕ್ಕೆ ಹೊಂದುವ ಕ್ರಮ. ಹಿಂಗಾರಿನ ತೇವ ಸಿಕ್ಕಿ ಬೇರು ಇಳಿದರೆ ಸಸಿ ಬೇಸಿಗೆಯನ್ನು ಎದುರಿಸಬಲ್ಲದು.

ಗುಂಡಿ ಕನಿಷ್ಠ ಒಂದೂವರೆ ಅಡಿ ಉದ್ದ, ಅಗಲ, ಆಳವಿರಬೇಕು. ಕಲ್ಲುನೆಲದಲ್ಲಿ ಎರಡು ಅಡಿ ಒಳ್ಳೆಯದು. ಎರೆಭೂಮಿಯಲ್ಲಿ ಗುಂಡಿಗೆ ಮಸಾರಿ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರೆ ಬಿರುಕಿನ ಕಾಟ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಒಡ್ಡು ಹಾಕಿದರೆ ಮಳೆನೀರು ಬುಡದಲ್ಲಿ ಇಂಗುತ್ತದೆ. ಬುಡಕ್ಕೆ ತೊಗರಿಕಟ್ಟಿಗೆ ಅಥವಾ ಒಣಹುಲ್ಲಿನ ಮುಚ್ಚಿಗೆ ಹಾಕುವುದು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟುವುದು ಖರ್ಚಿಲ್ಲದ ಉಪಾಯಗಳು. ನೀರಿನ ಅಭಾವವಿರುವಲ್ಲಿ ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಹಾಕಿದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಹೂಳಿ, ವಾರಕ್ಕೊಮ್ಮೆ ತುಂಬಿಸುವ ಪದ್ಧತಿಯಿದೆ. ಬೀಜದುಂಡೆಗಳನ್ನು ಎಸೆಯುವುದು ಮಕ್ಕಳಿಗೆ ಹುರುಪು ಕೊಡುವ ಚಟುವಟಿಕೆಯೇನೋ ಹೌದು. ಆದರೆ ಮೇವಿಗೆ ತೆರೆದಿರುವ ಗುಡ್ಡದಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಈ ಭಾಗಕ್ಕೆ ಹೊಂದುವ ಮರಗಳೆಂದರೆ ಬೇವು, ಹುಣಸೆ, ಬನ್ನಿ, ಕರಿಜಾಲಿ, ಹೊಂಗೆ, ಕಮರ, ಬಾಗೆ, ನೇರಳೆ, ಬೆಟ್ಟದನೆಲ್ಲಿ, ಬಾರೆ, ಸೀತಾಫಲ ಹಾಗೂ ನೀರಿನಾಸರೆಯಿರುವಲ್ಲಿ ಆಲ, ಅರಳಿ, ಬಸರಿ. ಹುಣಸೆಗೆ ಫಲ ಬರಲು ಹಲವು ವರ್ಷ ಬೇಕು; ಆದರೆ ಒಮ್ಮೆ ನಿಂತರೆ ಮೂರು ತಲೆಮಾರಿಗೆ ಉಣಿಸುತ್ತದೆ.

ಬಳ್ಳಾರಿ ಜಾಲಿ

ರಾಯಚೂರಿನಲ್ಲಿ ಎತ್ತ ನೋಡಿದರೂ ಕಾಣುವ ಹಸಿರು ಬಳ್ಳಾರಿ ಜಾಲಿಯದು. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ತರಲಾಯಿತು. ಸಸ್ಯಶಾಸ್ತ್ರಜ್ಞರು ಬಹುಕಾಲ ಇದನ್ನು ಬನ್ನಿಯ ಕುಲದಲ್ಲಿಯೇ ಇರಿಸಿದ್ದರು. ಗುಣದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಇದರ ಸಿಹಿಕಾಯಿಯನ್ನು ತಿಂದ ಜಾನುವಾರುಗಳು ಸಗಣಿ-ಹಿಕ್ಕೆಗಳ ಮೂಲಕ ಬೀಜವನ್ನು ಹರಡುತ್ತವೆ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಬೆಳೆದಲ್ಲಿ ಹುಲ್ಲನ್ನು ಬೆಳೆಯಗೊಡುವುದಿಲ್ಲ. ಕೆರೆಯಂಗಳ, ಹಳ್ಳ, ಗೋಮಾಳಗಳನ್ನು ಇದು ಆವರಿಸಿದೆ. ಇಷ್ಟಾದರೂ ಬಡವರ ಒಲೆ ಉರಿಯುವುದು, ಇದ್ದಿಲು ಸುಡುವವರ ಹೊಟ್ಟೆ ತುಂಬುವುದು ಇದರಿಂದಲೇ. ಹಾಗಾಗಿ ಒಂದೇ ಏಟಿಗೆ ಇದನ್ನು ಬೇರುಸಹಿತ ತೆಗೆಯುವ ಮಾತು ಸೌದೆಗೆ ಬೇರೆ ದಾರಿಯಿಲ್ಲದ ಮನೆಗಳಿಗೆ ಅನ್ಯಾಯವಾಗುತ್ತದೆ. ಜಾಲಿಯನ್ನು ಪಟ್ಟಿ ಪಟ್ಟಿಯಾಗಿ ತೆಗೆದು, ಆ ಜಾಗದಲ್ಲಿ ದೇಶೀ ಗಿಡಗಳನ್ನೆಬ್ಬಿಸಿ, ಅವು ಬಲಿತ ಮೇಲೆ ಮುಂದಿನ ಪಟ್ಟಿಗೆ ಹೋಗುವುದು ಸಾಧ್ಯವಾದ ಮಧ್ಯಮ ಮಾರ್ಗ. ತೆಗೆದ ಮುಳ್ಳೇ ಹೊಸ ಸಸಿಗಳಿಗೆ ಬೇಲಿಯಾಗುತ್ತದೆ.

ರೈತರ ಹೊಲದಲ್ಲಿ ಮರ

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ರಾಜ್ಯದ ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿತು. ರೈತರು ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ತಮ್ಮ ಜಮೀನಿನಲ್ಲಿ ನೆಟ್ಟರೆ, ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ದೊರೆಯುತ್ತದೆ. ಮೊದಲಿಗೆ ಕಡಿಮೆಯಿದ್ದ ಈ ಮೊತ್ತವನ್ನು ಏರಿಸಿ, ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿಗಳೆಂದು ನಿಗದಿಪಡಿಸಲಾಯಿತು. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಹಣ ಕೊಡುವುದು ಈ ಯೋಜನೆಯ ಜಾಣತನ. ಬಯಲುನಾಡಿಗೆ ಇದಕ್ಕಿಂತ ಹೊಂದುವ ತತ್ತ್ವ ಇನ್ನೊಂದಿಲ್ಲ.

ಆದರೂ ಬೆಳೆಸಿದ ಮರವನ್ನು ನಾಳೆ ಕಡಿಯಲು ಅನುಮತಿ ಸಿಗುವುದೋ ಇಲ್ಲವೋ ಎಂಬ ಅಳುಕು ರೈತರಲ್ಲಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಗಾಳಿಮರ, ಸಿಲ್ವರ್ ಓಕ್, ಬಳ್ಳಾರಿ ಜಾಲಿ ಮೊದಲಾದವಕ್ಕೆ ವಿನಾಯಿತಿಯಿದೆ. ಇದರ ಪರಿಣಾಮ ವಿಚಿತ್ರವಾದುದು: ಕಾನೂನು ಯಾವ ದೇಶೀ ಮರಗಳನ್ನು ರಕ್ಷಿಸಬೇಕೆಂದಿದೆಯೋ ಅವನ್ನೇ ನೆಡಲು ರೈತ ಹಿಂಜರಿಯುತ್ತಾನೆ. ನೆಡುವಾಗಲೇ ಗಿಡಗಳ ವಿವರವನ್ನು ವಲಯ ಅರಣ್ಯ ಕಚೇರಿಯಲ್ಲಿಯೂ ಪಹಣಿಯಲ್ಲಿಯೂ ದಾಖಲಿಸಿಕೊಂಡರೆ ಮುಂದೆ ಅನುಮತಿ ಪಡೆಯುವುದು ಸುಲಭವಾಗುತ್ತದೆ.

ನಾಗರಿಕರು ಮತ್ತು ಶಾಲೆಗಳು

ರಸ್ತೆ ಅಗಲೀಕರಣದಂಥ ಸಂದರ್ಭದಲ್ಲಿ ಮರ ಕಡಿಯುವ ಪ್ರಸ್ತಾವಕ್ಕೆ ನಾಗರಿಕರು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಅನುಮತಿಯಲ್ಲಿ ಬದಲಿ ಸಸಿ ನೆಡುವ ಷರತ್ತಿದ್ದರೆ ಅದು ಪಾಲನೆಯಾಯಿತೇ ಎಂಬುದನ್ನು ಮಾಹಿತಿ ಹಕ್ಕಿನ ಮೂಲಕ ಕೇಳಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಬಳ್ಳಿ, ಪ್ರಾಣಿ, ತಳಿಗಳನ್ನು ಜನತಾ ದಾಖಲೆಯಲ್ಲಿ ಬರೆದಿಡುವುದು ಅದರ ಕೆಲಸ. ಹಳೆಯ ಹುಣಸೆ, ಆಲ, ಬನ್ನಿ ಮರಗಳು ಈ ದಾಖಲೆಯಲ್ಲಿ ಸೇರಿದರೆ, ಅವನ್ನು ಕಡಿಯಲು ಬಂದಾಗ ತೋರಿಸಲು ಊರಿನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಒಬ್ಬ ವ್ಯಕ್ತಿಯ ಕಾಯಕದಿಂದ ಏನಾಗಬಲ್ಲದೆಂಬುದಕ್ಕೆ ರಾಜ್ಯದಲ್ಲಿ ಎರಡು ಪ್ರಸಿದ್ಧ ನಿದರ್ಶನಗಳಿವೆ. ಹುಲಿಕಲ್ ಮತ್ತು ಕುದೂರು ನಡುವೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಅಂಕೋಲಾ ತಾಲ್ಲೂಕಿನ ತುಳಸಿ ಗೌಡರಿಗೆ 2020ರ ಪದ್ಮಶ್ರೀ ಘೋಷಣೆಯಾಯಿತು. ತಿಮ್ಮಕ್ಕ ದಂಪತಿಗಳು ಕಿಲೋಮೀಟರುಗಟ್ಟಲೆ ಕೊಡಗಳಲ್ಲಿ ನೀರು ಹೊತ್ತು ಆ ಸಸಿಗಳನ್ನು ಉಳಿಸಿದರು; ನೆಟ್ಟದ್ದಕ್ಕಿಂತ ಹೊತ್ತದ್ದೇ ದೊಡ್ಡ ಕೆಲಸ.

ಶಾಲೆಗಳಲ್ಲಿ ಮಗುವಿಗೊಂದು ಮರ, ಶಾಲೆಗೊಂದು ವನ ಎಂಬ ಕಾರ್ಯಕ್ರಮವಿದ್ದು, ಅರಣ್ಯ ಇಲಾಖೆಯಿಂದ ಸಸಿಗಳು ದೊರೆಯುತ್ತವೆ. ಶಾಲಾವನಕ್ಕೆ ಎರಗುವ ದೊಡ್ಡ ಅಪಾಯ ಬೇಸಿಗೆ ರಜೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ವರ್ಷದ ಅತಿ ಬಿರುಸಿನ ಬಿಸಿಲಿನಲ್ಲಿ, ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ. ಇದಕ್ಕೆ ಊರುಗಳಲ್ಲಿ ಕಂಡುಕೊಂಡಿರುವ ಉಪಾಯವೆಂದರೆ ಶಾಲೆಯ ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಹೆಸರು ಹಚ್ಚಿ ನಾಲ್ಕೈದು ಗಿಡಗಳನ್ನು ವಹಿಸಿಕೊಡುವುದು ಮತ್ತು ಬೀಗದ ಕೈಯನ್ನು ಊರಿನ ಒಬ್ಬ ಹಿರಿಯರ ಬಳಿ ಬಿಡುವುದು. ಉಳಿದ ತಿಂಗಳುಗಳಿಗೆ ನೀರಿನ ಚಿಂತೆ ಅಷ್ಟಿಲ್ಲ. ಈ ಭಾಗದ ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಿಗೆ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಮಕ್ಕಳು ತಟ್ಟೆ, ಕೈ ತೊಳೆಯುವ ನೀರನ್ನು ಒಂದು ಸಣ್ಣ ಕಾಲುವೆ ತೋಡಿ ಗಿಡಗಳ ಸಾಲಿಗೆ ತಿರುಗಿಸಿದರೆ, ನೂರು ಮಕ್ಕಳಿರುವ ಶಾಲೆಯ ಹತ್ತಿಪ್ಪತ್ತು ಗಿಡಗಳಿಗೆ ಅದೇ ಸಾಕಾಗುತ್ತದೆ.